ತನುಜಾಳ ನಗುವಿನ ಅಳತೆ

ಭದ್ರಾವತಿ ಆಕಾಶವಾಣಿ ಕೇಳುವ ಊರುಗಳಲ್ಲಿ, ಬೆಳಗ್ಗೆ ಹಾಲು ಕರೆಯುವವರಿಗೂ ದೋಸೆ ಹೊಯ್ಯುವವರಿಗೂ ತನುಜಾಳ ಧ್ವನಿ ಚೆನ್ನಾಗಿ ಗೊತ್ತು. ಇಪ್ಪತ್ತು ವರ್ಷದಿಂದ ಕೇಳಿಕೊಂಡು ಬಂದ ಧ್ವನಿ ಅದು. ಮುಖ ಮಾತ್ರ ಬಹಳ ಜನ ನೋಡಿರಲಿಲ್ಲ. ನೋಡದಿದ್ದರೇ ಒಳ್ಳೆಯದು ಅಂತ ತನುಜಾಳಿಗೂ ಅನ್ನಿಸುತ್ತಿತ್ತು.

ಹಾಗಂತ ಕುರೂಪಿಯೇನಲ್ಲ. ಅಗಲವಾದ ಹಣೆ, ದೊಡ್ಡ ಕಣ್ಣು, ಮಟ್ಟಸವಾದ ಮೂಗು. ಆದರೆ ಮೇಲ್ದವಡೆ ಇರಬೇಕಾದ್ದಕ್ಕಿಂತ ಕೆಳಕ್ಕೆ ಇಳಿದು ಬಂದಿತ್ತು. ಸುಮ್ಮನೆ ಕೂತಾಗ ತುಟಿಗಳು ಒಂದನ್ನೊಂದು ಮುಟ್ಟುತ್ತಿರಲಿಲ್ಲ. ಮುಟ್ಟಿಸಬೇಕಾದರೆ ಗದ್ದ ಬಿಗಿಹಿಡಿದು ಕೆಳತುಟಿಯನ್ನು ಮೇಲಕ್ಕೆ ದೂಡಬೇಕು. ನಕ್ಕರೆ ಹಲ್ಲಿನ ಮೇಲೆ ವಸಡು ಉದ್ದಕ್ಕೂ ಕೆಂಪಗೆ ಕಾಣುತ್ತಿತ್ತು. ಮನೆಯಲ್ಲಿ ಯಾರೂ ಇದನ್ನು ಕೊರತೆ ಎಂದು ಎಣಿಸಿರಲಿಲ್ಲ. ಯಾಕೆಂದರೆ ಅದು ಅವಳ ಅಪ್ಪ ವೀರಪ್ಪನವರ ಮುಖ.

ವೀರಪ್ಪನವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಎರಕದ ಕೆಲಸಕ್ಕಿದ್ದವರು. ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿ ಅವರ ಮನೆ. ಒಂದೇ ಗೋಡೆಗೆ ಅಂಟಿಕೊಂಡ ಮನೆಗಳ ಸಾಲು, ಮುಂದೆ ಸಾಲಿಗೆಲ್ಲ ಒಂದು ನಲ್ಲಿಕಟ್ಟೆ. ಒಣಗಹಾಕಿದ ಬಟ್ಟೆಯ ಮೇಲೆ ಮಸಿ ಕೂರುವ ಊರು ಅದು. ಆಚೆ ಮನೆಯವರು ತಮಿಳು, ಈಚೆ ಮನೆಯವರು ತೆಲುಗು, ಮಕ್ಕಳು ಮೂರನ್ನೂ ಕಲಸಿ ಮಾತಾಡುತ್ತಿದ್ದವು. ಸೈರನ್ ಕೂಗಿದ ಮೇಲೆ ವೀರಪ್ಪನವರು ಸೈಕಲ್ ತಳ್ಳಿಕೊಂಡು ಬರುತ್ತಿದ್ದರೆ, ಮುಖ ಕಾಣುವುದಕ್ಕೆ ಮುಂಚೆ ಅವರ ನಗು ತಿರುವಿನಲ್ಲಿ ಕೇಳಿಸುತ್ತಿತ್ತು. ಬಾಯಿ ತುಂಬ, ವಸಡು ತುಂಬ ನಗುವ ಮನುಷ್ಯ. ತನುಜಾ ಚಿಕ್ಕವಳಿದ್ದಾಗ ಹಾಗೇ ನಗುತ್ತಿದ್ದಳು.

ಹಾಗೆ ನಗುವುದನ್ನು ಅವಳು ಬಿಟ್ಟದ್ದು ಹೈಸ್ಕೂಲಿನಲ್ಲಿ. ವಾರ್ಷಿಕೋತ್ಸವದ ನಿರೂಪಣೆಗೆ ಹುಡುಗಿಯರನ್ನು ಆರಿಸುವಾಗ ತನುಜಾಳ ಓದು ಎಲ್ಲರಿಗಿಂತ ಚೆನ್ನಾಗಿತ್ತು. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿ ತಲೆದೂಗಿದರು. ಆಮೇಲೆ ಕಣ್ಣು ಬಿಟ್ಟು ಅವಳನ್ನು ಒಂದು ಗಳಿಗೆ ನೋಡಿ, "ನೀನು ಪರದೆ ಹಿಂದೆ ಮೈಕ್ ಹಿಡ್ಕೊಂಡು ಹೇಳಮ್ಮ. ಮುಂದೆ ನಿಲ್ಲೋಕೆ ಇನ್ನೊಬ್ಬಳು ಇರ್ತಾಳೆ" ಅಂದರು. ಕೆಟ್ಟ ಮನುಷ್ಯರೇನಲ್ಲ, ಪ್ರೀತಿಯಿಂದಲೇ ಹೇಳಿದ್ದು. ಮನೆಗೆ ಬಂದ ತನುಜಾ ಕನ್ನಡಿಯ ಮುಂದೆ ನಿಂತು ತುಟಿ ಮುಚ್ಚುವುದನ್ನು ಅಭ್ಯಾಸ ಮಾಡಿದಳು. ಮೇಲ್ತುಟಿಯನ್ನು ಕೆಳಕ್ಕೆ ಎಳೆದು ಹಿಡಿದು ನಗುವುದನ್ನೂ ಕಲಿತಳು. ಕಲಿತದ್ದು ಎಷ್ಟು ಚೆನ್ನಾಗಿ ಮೈಗೆ ಹತ್ತಿತೆಂದರೆ, ಕೆಲವು ವರ್ಷ ಕಳೆಯುವ ಹೊತ್ತಿಗೆ ತಾನು ಹಾಗೆ ಮಾಡುತ್ತಿದ್ದೇನೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

ಆದರೆ ಪರದೆಯ ಹಿಂದೆ ಅವಳಿಗೆ ಒಂದು ಲೋಕ ಸಿಕ್ಕಿತು. ಮೈಕಿನ ಮುಂದೆ ನಿಂತಾಗ ತಾನು ಉದ್ದವಾದೆ, ಅಗಲವಾದೆ ಅನ್ನಿಸುತ್ತಿತ್ತು. ಡಿಗ್ರಿ ಮುಗಿಸಿ ಆಕಾಶವಾಣಿಯ ಧ್ವನಿಪರೀಕ್ಷೆಗೆ ಹೋದಳು, ಪಾಸಾದಳು. ಅಲ್ಲಿಂದ ಕ್ಯಾಶುಯಲ್ ಅನೌನ್ಸರ್ ಆಗಿ ತಿಂಗಳಿಗೆ ಒಂದಷ್ಟು ಡ್ಯೂಟಿ. ಮದುವೆಯಾಗಿ ಶಿವಮೊಗ್ಗದ ಗೋಪಾಳಕ್ಕೆ ಬಂದಮೇಲೂ ಅದನ್ನು ಬಿಡಲಿಲ್ಲ. ಗಂಡ ಶಿವರಾಜ್‌ಗೆ ನೆಹರು ರಸ್ತೆಯಲ್ಲಿ ಕನ್ನಡಕದ ಅಂಗಡಿ. ದಿನವೆಲ್ಲ ಜನರ ಮುಖಕ್ಕೆ ಫ್ರೇಮ್ ಹೊಂದಿಸುವ ಆತ, ಹೆಂಡತಿಯ ಮುಖದ ಬಗ್ಗೆ ಒಂದು ದಿನವೂ ಒಂದು ಮಾತು ಆಡಿದವನಲ್ಲ. ಬೆಳಗಿನ ಡ್ಯೂಟಿ ಇದ್ದ ದಿನ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಂದು, ಅಂಗಡಿ ಬಾಗಿಲು ತೆಗೆದು, ಮೊದಲು ರೇಡಿಯೋ ಹಾಕುತ್ತಿದ್ದ. ಆಮೇಲೆ ದೇವರಿಗೆ ಊದುಬತ್ತಿ.

ಒಂದು ಸಲ ನವುಲೆಯ ಕೃಷಿ ಮೇಳದಲ್ಲಿ ಆಕಾಶವಾಣಿಯ ಮಳಿಗೆ ಇತ್ತು. ತನುಜಾ ಅಲ್ಲಿ ಕೂತಿದ್ದಳು. ತ್ಯಾವರೆಕೊಪ್ಪದ ಕಡೆಯ ಏಕಾಂತಪ್ಪ ಎಂಬ ರೈತರು ಹೆಗಲ ಮೇಲೆ ಹಲಸಿನ ಹಣ್ಣು ಹೊತ್ತುಕೊಂಡು ಬಂದರು.

"ತನುಜಾ ಮೇಡಂ ಬಂದಿದಾರೆ ಅಂದ್ರು. ಎಲ್ಲಿದಾರಮ್ಮ?"

"ನಾನೇ, ಬನ್ನಿ, ಕೂತ್ಕೊಳ್ಳಿ."

ಏಕಾಂತಪ್ಪ ಅವಳನ್ನು ನೋಡಿದರು. ಹಿಂದೆ ಬೇರೆ ಯಾರಾದರೂ ಇದ್ದಾರಾ ಎಂದು ಕಣ್ಣು ಹಾಯಿಸಿದರು. "ಓ, ನೀವೇನಾ?" ಅಂದರು. ಹಣ್ಣು ಕೊಟ್ಟರು, ಕೈ ಮುಗಿದರು, ಹೋದರು. ಅಷ್ಟೇ. ಆ 'ನೀವೇನಾ' ಅನ್ನುವುದರಲ್ಲಿದ್ದ ಸಣ್ಣ ನಿರಾಸೆಯನ್ನು, ಧ್ವನಿಯ ಕೆಲಸದವಳಾದ್ದರಿಂದ, ತನುಜಾ ಚೆನ್ನಾಗಿ ಕೇಳಿಸಿಕೊಂಡಳು.

ಅದಕ್ಕಾಗಿ ಅವಳು ಡಾಕ್ಟರ ಹತ್ತಿರ ಹೋದದ್ದಲ್ಲ. ನಲವತ್ತು ದಾಟಿದ ಮೇಲೆ ಮುಂದಿನ ವಸಡು ಊದಿ ರಕ್ತ ಬರಲು ಶುರುವಾಯಿತು. ದುರ್ಗಿಗುಡಿಯಲ್ಲಿ ಹಲ್ಲು ಸಾಲು ಮಾಡುವ ಡಾಕ್ಟರ್ ಸಮತಾ ಇದ್ದರು, ಅವಳಿಗಿಂತ ಚಿಕ್ಕವರು. ಬಾಯಿ ನೋಡಿ, "ಮಲಗಿದಾಗ ಬಾಯಿ ತೆರೆದೇ ಇರುತ್ತೆ ಅಲ್ವಾ ಮೇಡಂ? ವಸಡು ಒಣಗಿ ಒಣಗಿ ಹೀಗಾಗಿದೆ. ಮುಂದಿನ ಹಲ್ಲು ಒಂದಕ್ಕೊಂದು ಕೂರ್ತಾನೂ ಇಲ್ಲ. ಔಷಧಿ ಕೊಡ್ತೀನಿ, ಆದ್ರೆ ಮೂಲ ಇರೋದು ದವಡೆಯಲ್ಲಿ" ಅಂದರು. ಮೊದಲು ಒಂದು ವರ್ಷ ಹಲ್ಲಿಗೆ ಕ್ಲಿಪ್, ಆಮೇಲೆ ಮೇಲ್ದವಡೆಯ ಆಪರೇಷನ್ ಎಂದು ವಿವರಿಸಿದರು.

ಮನೆಯಲ್ಲಿ ಮಾತಾಯಿತು. ಶಿವರಾಜ್, "ನಿನಗೆ ಒಳ್ಳೇದಾಗೋದಾದ್ರೆ ಮಾಡಿಸು. ನನಗಂತೂ ಈಗಿರೋದೇ ಸಾಕು" ಅಂದ. ಆಕಾಶವಾಣಿಯಲ್ಲಿ ಗಾಜಿನಾಚೆ ಕೂತು ಯಂತ್ರ ನೋಡಿಕೊಳ್ಳುವ ಆನಂದ್ ಮಾತ್ರ ಮುಖ ಸಪ್ಪಗೆ ಮಾಡಿದ. "ಧ್ವನಿ ಏನಾದ್ರೂ ಬದಲಾದ್ರೆ ಏನ್ ಮಾಡ್ತೀರಿ ಮೇಡಂ?" ಎಂದು ಕೇಳಿದ. ಆ ಪ್ರಶ್ನೆ ಅವಳೊಳಗೆ ಕೂತುಬಿಟ್ಟಿತು.

ಎಲ್ಲರಿಗಿಂತ ಜೋರಾಗಿ ಬೇಡ ಅಂದದ್ದು ತಾಯಿ ಬಸವರಾಜೇಶ್ವರಿ. ವೀರಪ್ಪನವರು ತೀರಿಹೋದ ಮೇಲೆ ಆಕೆ ಭದ್ರಾವತಿಯ ಜನ್ನಾಪುರದಲ್ಲಿ ಮಗನ ಸಂಸಾರದ ಜೊತೆ ಇದ್ದರು.

"ಇಷ್ಟು ವರ್ಷ ಆ ಬಾಯಲ್ಲೇ ಊರಿಗೆಲ್ಲ ಹೇಳಿಲ್ವೇನೆ? ಈಗೇನಾಯ್ತು ಮಾರಾಯ್ತಿ?"

"ವಸಡು ಹಾಳಾಗ್ತಿದೆ ಅಮ್ಮ. ಇನ್ನು ಹತ್ತು ವರ್ಷಕ್ಕೆ ಹಲ್ಲೇ ಇರಲ್ವಂತೆ."

"ಹಲ್ಲು ಹೋದ್ರೆ ಕಟ್ಟಿಸಿಕೊಂಡ್ರಾಯ್ತು. ಮುಖ ಹೋದ್ರೆ? ನಿಮ್ಮಪ್ಪನ ಮುಖ ಕಣೆ ಅದು. ನಿಮ್ಮಣ್ಣಂಗೆ ಬರಲಿಲ್ಲ, ನಿನಗೊಬ್ಬಳಿಗೇ ಬಂದಿದ್ದು."

ಆದರೂ ತನುಜಾ ಕ್ಲಿಪ್ ಹಾಕಿಸಿಕೊಂಡಳು. ಆ ವರ್ಷವೆಲ್ಲ 'ಸ'ಕಾರಗಳ ಜೊತೆ ಗುದ್ದಾಡಿಕೊಂಡೇ ಡ್ಯೂಟಿ ಮಾಡಿದಳು.

ಹಲ್ಲು ಸಾಲಾದ ಮೇಲೆ ಆಪರೇಷನ್ನಿನ ಲೆಕ್ಕಾಚಾರ ಶುರುವಾಯಿತು. ಸವಳಂಗ ರಸ್ತೆಯ ಆಸ್ಪತ್ರೆಯಲ್ಲಿ ದವಡೆಯ ಸರ್ಜನ್ ಡಾಕ್ಟರ್ ನಿಶಾಂತ್. ಎತ್ತರದ ಆಳು, ಮೆಲುಮಾತು. ಅವಳ ತಲೆಯ ಸ್ಕ್ಯಾನ್ ಕಂಪ್ಯೂಟರಿನಲ್ಲಿ ತಿರುಗಿಸಿ ತೋರಿಸಿದರು. ತನ್ನದೇ ಬುರುಡೆ ಪರದೆಯ ಮೇಲೆ ಸುತ್ತುವುದನ್ನು ತನುಜಾ ಸ್ವಲ್ಪ ಹೆದರಿ, ಸ್ವಲ್ಪ ಕುತೂಹಲದಿಂದ ನೋಡಿದಳು.

"ಮನೆ ಕಟ್ಟೋವಾಗ ಬಾಗಿಲ ಚೌಕಟ್ಟು ಮೊದಲು ನಿಲ್ಲಿಸ್ತಾರಲ್ಲ ಮೇಡಂ, ಇದೂ ಹಾಗೇ" ಅಂದರು ನಿಶಾಂತ್. "ಮೇಲಿನ ಮುಂದಿನ ಹಲ್ಲು ತುಟಿಯಿಂದ ಎಷ್ಟು ಕೆಳಗೆ ನಿಲ್ಲಬೇಕು ಅನ್ನೋದು ಮೊದಲು ತೀರ್ಮಾನ ಆಗಬೇಕು. ಮಿಕ್ಕಿದ್ದೆಲ್ಲ ಅದರ ಹಿಂದೆ ಬರುತ್ತೆ. ಹಲ್ಲಿನ ಬೇರಿನ ಮೇಲ್ಗಡೆ ಮೂಳೆ ಕೊಯ್ದು, ಒಂದು ಪಟ್ಟಿ ತೆಗೆದು, ದವಡೇನ ಮೇಲಕ್ಕೆ ಕೂರಿಸ್ತೀವಿ. ಕೆಳದವಡೆ ತಾನಾಗೇ ಅದನ್ನ ಹಿಂಬಾಲಿಸಿ ಮೇಲೆ ಬರುತ್ತೆ, ಗದ್ದಾನೂ ಸ್ವಲ್ಪ ಮುಂದೆ ಬರುತ್ತೆ. ಕೊಯ್ಯೋದೆಲ್ಲ ಬಾಯೊಳಗಿಂದ, ಹೊರಗೆ ಗೆರೆ ಕಾಣಲ್ಲ."

"ಧ್ವನಿ?"

"ಗಂಟಲಿನ ತಂಟೆಗೆ ನಾವು ಹೋಗಲ್ಲ. ಅಕ್ಷರ ಹುಟ್ಟೋ ಜಾಗ ಮಾತ್ರ ಬದಲಾಗುತ್ತೆ. ನಾಲಿಗೆ, ತುಟಿ ಹೊಸದಾಗಿ ಕಲಿಬೇಕಾಗುತ್ತೆ. ಎಲ್ಲರೂ ಕಲೀತಾರೆ. ನೂರಕ್ಕೆ ನೂರು ಹಿಂದಿನ ಹಾಗೇ ಇರುತ್ತೆ ಅಂತ ಬರೆದುಕೊಡು ಅಂದ್ರೆ ಕೊಡೋಕಾಗಲ್ಲ."

ಸುಳ್ಳು ಧೈರ್ಯ ಹೇಳದಿದ್ದದ್ದು ಅವಳಿಗೆ ಹಿಡಿಸಿತು.

ಫೋಟೋ ತೆಗೆದರು. ಸುಮ್ಮನಿರುವಾಗಿನದು, ನಗುವಾಗಿನದು, ಪಕ್ಕದಿಂದ, ಓರೆಯಿಂದ. ಸ್ಕೇಲ್ ಹಿಡಿದು ಅಳೆದರು. ಆ ಅಳತೆಯ ಪ್ರಕಾರ ಸುಮ್ಮನಿದ್ದಾಗ ಹಲ್ಲು ಹೆಚ್ಚೇನೂ ಕಾಣುತ್ತಿರಲಿಲ್ಲ, ನಕ್ಕಾಗ ವಸಡು ಸ್ವಲ್ಪ ಮಾತ್ರ. ನಿಶಾಂತ್ ಹುಬ್ಬು ಗಂಟಿಕ್ಕಿ ಸ್ಕ್ಯಾನ್ ನೋಡಿದರು, ಫೋಟೋ ನೋಡಿದರು. "ಮೂಳೆ ಒಂದು ಹೇಳ್ತಿದೆ, ಫೋಟೋ ಇನ್ನೊಂದು ಹೇಳ್ತಿದೆ. ಈ ಫೋಟೋ ನಂಬಿದ್ರೆ ಸ್ವಲ್ಪವೇ ಎತ್ತಬೇಕಾಗುತ್ತೆ. ಆಮೇಲೆ ತುಟಿ ಮುಚ್ಚದೆ ಹಾಗೇ ಉಳಿಯುತ್ತೆ" ಅಂದರು.

ಸಮತಾ ಫೋಟೋವನ್ನು ದೊಡ್ಡದು ಮಾಡಿ ಗದ್ದದ ಮೇಲೆ ಬೆರಳಿಟ್ಟರು. ಅಲ್ಲಿ ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಗುಳಿಗುಳಿಯಾಗಿತ್ತು.

"ಮೇಡಂ, ನೀವು ತುಟಿ ಹಿಡ್ಕೊಂಡಿದೀರಿ. ಬಿಡಿ."

"ಬಿಟ್ಟೇ ಇದ್ದೀನಲ್ಲ?"

"ಇಲ್ಲ. 'ಅಮ್ಮ' ಅನ್ನಿ, ಅಂದು ಹಾಗೇ ಸುಮ್ಮನಿರಿ."

"ಅಮ್ಮ" ಅಂದಳು. ಅಂದ ಕೂಡಲೇ ಗದ್ದ ಬಿಗಿಯಾಗಿ ತುಟಿ ಮುಚ್ಚಿತು. ಇನ್ನೊಮ್ಮೆ ಅಂದಳು. ಮತ್ತೆ ಹಾಗೇ. ನಗಿ ಅಂದರೆ ಮೇಲ್ತುಟಿ ಕೆಳಕ್ಕೆ ಬಂದು ಅಂಟಿಕೊಳ್ಳುತ್ತಿತ್ತು. ತನ್ನ ತುಟಿ ತನ್ನ ಮಾತು ಕೇಳದಿರುವುದನ್ನು ಕಂಡು ತನುಜಾ ಬೆಪ್ಪಾದಳು. ಹೈಸ್ಕೂಲಿನ ಕನ್ನಡಿ, ಆ ಅಭ್ಯಾಸ, ಎಲ್ಲ ಆಗ ನೆನಪಿಗೆ ಬಂತು. ಸಮತಾಗೆ ಹೇಳಿದಳು. ಹೇಳುವಾಗ ಕಣ್ಣು ಒದ್ದೆಯಾಯಿತು.

ಸಮತಾ ಕೇಳಿದರು. "ನಿಮಗೆ ಮುಖದ ನೆನಪೇ ಬರದೆ ಇರೋ ಜಾಗ ಯಾವುದಾದ್ರೂ ಇದೆಯಾ ಮೇಡಂ?"

"ಸ್ಟುಡಿಯೋ. ಮೈಕ್ ಮುಂದೆ. ಅಲ್ಲಿ ನನ್ನ ಯಾರೂ ನೋಡಲ್ಲ."

"ಹಾಗಾದ್ರೆ ಇಲ್ಲೇ ಒಂದು ಸ್ಟುಡಿಯೋ ಮಾಡೋಣ."

ಕುರ್ಚಿಯನ್ನು ಖಾಲಿ ಗೋಡೆಯ ಕಡೆ ತಿರುಗಿಸಿದರು. ಎದುರಿಗೆ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು, ಅದರ ಪಕ್ಕ ಟಾರ್ಚೊಂದನ್ನು ಮೈಕಿನ ಹಾಗೆ ನಿಲ್ಲಿಸಿದರು. ನಿಶಾಂತ್ ಹೊರಗೆ ಹೋದರು. ಸಮತಾ ತನುಜಾಳ ಬೆನ್ನ ಹಿಂದೆ ಕೂತು, "ನಿಮ್ಮ ಮೊದಲನೇ ಪ್ರೋಗ್ರಾಂ ಕಥೆ ಹೇಳಿ. ರೇಡಿಯೋದಲ್ಲಿ ಹೇಳೋ ಹಾಗೇ ಹೇಳಿ, ನಾನು ಕೇಳ್ತಿರ್ತೀನಿ" ಅಂದರು.

ಮೊದಲು ಮಾತು ತೊಡರಿತು. ಆಮೇಲೆ ಕ್ವಾರ್ಟರ್ಸ್‌ನ ಅಂಗಳ ಕಣ್ಣ ಮುಂದೆ ಬಂತು, ಧ್ವನಿ ತನ್ನ ಜಾಗಕ್ಕೆ ಕೂತಿತು.

ಅವಳ ಧ್ವನಿ ಮೊದಲ ಸಲ ಪ್ರಸಾರವಾಗುವ ಸಂಜೆ. ಅಪ್ಪ ರೇಡಿಯೋವನ್ನು ಅಂಗಳಕ್ಕೆ ತಂದು ಸ್ಟೂಲಿನ ಮೇಲೆ ಇಟ್ಟಿದ್ದರು. ಸಾಲಿನ ಜನವೆಲ್ಲ ಚಾಪೆ ಹಾಸಿ ಕೂತರು. ಆಚೆ ಮನೆಯ ಸೆಲ್ವಿ ಅಕ್ಕ, ಹುಡುಗಿ ರೇಡಿಯೋ ಒಳಗೆ ಬರುತ್ತಾಳೆ ಅಂದ ಮೇಲೆ ಆರತಿ ಇಲ್ಲದೆ ಹೇಗೆ ಎಂದು ತಟ್ಟೆ ತಂದು, ರೇಡಿಯೋಗೆ ಆರತಿ ಎತ್ತಿ, ನೀರಲ್ಲಿ ಕಲಸಿದ ಕುಂಕುಮವನ್ನು ಅದರ ಜಾಲರಿಗೆ ಧಾರಾಳವಾಗಿ ಬಳಿದುಬಿಟ್ಟರು. ಕಾರ್ಯಕ್ರಮ ಶುರುವಾದಾಗ ಗದ್ದಲದಲ್ಲಿ ಸರಿಯಾಗಿ ಕೇಳಿಸಲಿಲ್ಲ. ಅಪ್ಪ ಕಿವಿಯನ್ನು ರೇಡಿಯೋಗೇ ಒತ್ತಿಕೊಂಡು ಕೊನೆಯವರೆಗೂ ಕೇಳಿದರು. ಆಮೇಲೆ ಖುಷಿಯಲ್ಲಿ ಕನ್ನಡಿಯನ್ನೂ ನೋಡದೆ ನೇರ ಶಿಫ್ಟಿಗೆ ಹೋದರು.

"ಅಲ್ಲಿ ಎರಕದ ಮನೆಯಲ್ಲಿ ಯಾರೋ ನೋಡಿದ್ದಾರೆ, ವೀರಪ್ಪನ ಕಿವಿಯಿಂದ ರಕ್ತ ಸೋರ್ತಿದೆ ಅಂತ! ಅಪ್ಪ ಏನೂ ಆಗಿಲ್ಲ ಬಿಡ್ರೋ ಅಂತಿದ್ರೆ, ಪಾಪ ಪೆಟ್ಟು ಬಿದ್ದು ತಲೆ ಕೆಟ್ಟಿದೆ ಅಂತ ಇಬ್ಬರು ಎತ್ಕೊಂಡೇ ಹೋದ್ರಂತೆ ದವಾಖಾನೆಗೆ. ಕಾಂಪೌಂಡರ್ ಹತ್ತಿ ತಗೊಂಡು ಒರೆಸ್ತಾನೆ, ಒರೆಸ್ತಾನೆ, ಗಾಯಾನೇ ಸಿಗ್ತಿಲ್ಲ. ಕೊನೆಗೆ ಮೂಸಿ ನೋಡಿ, 'ಏನ್ರೀ ವೀರಪ್ಪ, ಕಿವಿಗೆ ಪೂಜೆ ಮಾಡಿಸ್ಕೊಂಡು ಬಂದಿದೀರಲ್ರೀ' ಅಂದ..."

ಮುಂದಿನ ಮಾತು ಬರಲಿಲ್ಲ. ತನುಜಾ ನಗುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು, ತಲೆ ಹಿಂದಕ್ಕೆ ಹಾಕಿ ನಕ್ಕಳು. ಬೆನ್ನ ಹಿಂದೆ ಸಮತಾ ಕೂಡ ನಗುತ್ತಿದ್ದರು. ನಗು ಇಳಿದ ಮೇಲೆ ಅವಳು ಏನೋ ನೆನಪಿನಲ್ಲಿ ಗೋಡೆ ನೋಡುತ್ತ ಒಂದಷ್ಟು ಹೊತ್ತು ಸುಮ್ಮನೆ ಕೂತಳು. ತುಟಿ ತಾನಾಗಿ ಬಿಟ್ಟುಕೊಂಡಿತ್ತು. ಡಾಕ್ಟರಿಗೆ ಬೇಕಾದದ್ದು ಆ ನಗು ಎಷ್ಟೋ, ಅದರ ಹಿಂದೆ ಬಂದ ಆ ಮೌನವೂ ಅಷ್ಟೇ.

ಮೂವರೂ ಕೂತು ಆ ವಿಡಿಯೋ ನೋಡಿದರು. ಸುಮ್ಮನಿದ್ದಾಗ ತುಟಿಯ ಕೆಳಗೆ ಎಂಟು ಮಿಲಿಮೀಟರ್ ಹಲ್ಲು. ನಕ್ಕಾಗ ಅಂಗೈ ಅಗಲ ವಸಡು ಎಂದು ತನುಜಾಳಿಗೆ ಅನ್ನಿಸಿತು. ನಿಶಾಂತ್ "ಇದು ನಿಜವಾದ ಅಳತೆ" ಅಂದರು. ಪರದೆಯ ಮೇಲೆ ತನುಜಾಳಿಗೆ ಕಂಡದ್ದು ಅಳತೆಯಲ್ಲ. ಸೈಕಲ್ ತಳ್ಳಿಕೊಂಡು ತಿರುವಿನಲ್ಲಿ ಬರುತ್ತಿದ್ದ ಅಪ್ಪ ಅಲ್ಲಿ ಸೀರೆ ಉಟ್ಟು ಕೂತು ನಗುತ್ತಿದ್ದರು. ತಾನು ಹೀಗೆ ನಗುವುದನ್ನು ದೊಡ್ಡವಳಾದ ಮೇಲೆ ಅವಳು ನೋಡಿಯೇ ಇರಲಿಲ್ಲ.

ಮುಂದಿನ ವಾರ ನಿಶಾಂತ್ ಆಪರೇಷನ್ ಆದ ಮೇಲೆ ಹೇಗೆ ಕಾಣಬಹುದೆಂದು ಕಂಪ್ಯೂಟರಿನಲ್ಲಿ ಅವಳದೇ ಎರಡು ಮುಖ ತೋರಿಸಿದರು. ಒಂದರಲ್ಲಿ ದವಡೆ ಬಹಳ ಮೇಲಕ್ಕೆ ಹೋಗಿತ್ತು. ತುಟಿ ಮುಚ್ಚಿತ್ತು, ನಕ್ಕರೆ ವಸಡಿನ ಸುಳಿವೇ ಇಲ್ಲ. ನೀಟಾಗಿತ್ತು, ಆದರೆ ಯಾರೋ ದೂರದ ನೆಂಟರ ಹಾಗಿತ್ತು. ಇನ್ನೊಂದರಲ್ಲಿ ಅದಕ್ಕಿಂತ ಕಡಿಮೆ.

"ಪೂರ್ತಿ ಮುಚ್ಚಿಬಿಡಿ ಅಂತ ತುಂಬ ಜನ ಕೇಳ್ತಾರೆ" ಅಂದರು. "ನಾನು ಬೇಡ ಅಂತೀನಿ. ವಯಸ್ಸಾಗ್ತಾ ತುಟಿ ಇಳಿಯುತ್ತೆ. ಈಗಲೇ ಎಲ್ಲ ಮೇಲೆತ್ತಿದ್ರೆ ಅರವತ್ತಕ್ಕೆ ಮಾತಾಡೋವಾಗ ಹಲ್ಲೇ ಕಾಣಲ್ಲ, ಬೊಚ್ಚುಬಾಯಿ ಥರ ಆಗುತ್ತೆ. ಸುಮ್ಮನಿದ್ದಾಗ ಮೂರು ಮಿಲಿಮೀಟರ್ ಹಲ್ಲು ಕಾಣಲಿ, ಜೋರಾಗಿ ನಕ್ಕಾಗ ಚೂರು ವಸಡೂ ಇರಲಿ. ಮೂಗಿನ ಹೊಳ್ಳೆ ಅಗಲ ಆಗದ ಹಾಗೆ ಒಳಗಿಂದ ಒಂದು ಹೊಲಿಗೆ ಹಾಕ್ತೀನಿ. ಕಂಪ್ಯೂಟರ್ ಮೂಳೆ ಎಲ್ಲಿಡಬೇಕು ಅಂತ ಹೇಳುತ್ತೆ. ಚರ್ಮ ಹೇಗೆ ಕೂರುತ್ತೆ ಅಂತ ಅಂದಾಜು ಮಾತ್ರ ಕೊಡುತ್ತೆ. ನಿಮಗೆ ಏನನ್ನಿಸುತ್ತೆ?"

"ಸ್ವಲ್ಪ ಉಳಿಸಿ" ಅಂದಳು ತನುಜಾ. "ನಕ್ಕಾಗ ನಮ್ಮ ಮನೆಯವಳು ಅಂತ ಗೊತ್ತಾಗೋ ಅಷ್ಟು."

ನಿಶಾಂತ್ ತಲೆಯಾಡಿಸಿದರು. "ಹಾಗಾದ್ರೆ ಐದು ಎತ್ತೋಣ. ತುಟಿ ಕಷ್ಟವಿಲ್ಲದೆ ಮುಚ್ಚುತ್ತೆ. ಹಿಂದಿನ ಭಾಗ ಒಂಚೂರು ಜಾಸ್ತಿ. ಆಗ ಮುಂದಿನ ಹಲ್ಲು ಒಂದಕ್ಕೊಂದು ಕೂರ್ತವೆ."

ಆಪರೇಷನ್ ಆಯಿತು. ಎಚ್ಚರವಾದಾಗ ಮುಖ ಕುಂಬಳಕಾಯಿಯಷ್ಟು ಊದಿತ್ತು, ಮೇಲ್ತುಟಿ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸಣ್ಣ ರಬ್ಬರ್ ಬಿಗಿದಿದ್ದರು. ಗೋಪಾಳದ ಮನೆಗೆ ಬಂದ ದಿನ ಬಸವರಾಜೇಶ್ವರಿ ಭದ್ರಾವತಿಯಿಂದ ಬ್ಯಾಗ್ ಹಿಡಿದು ಬಂದಿಳಿದರು. ಬಾಗಿಲಲ್ಲೇ ಮಗಳ ಮುಖ ನೋಡಿ, ಸೀದಾ ಅಡುಗೆಮನೆಗೆ ಹೋದರು. ಒಳಗೆ ಪಾತ್ರೆಯ ಸದ್ದು ಬೇಕಾದ್ದಕ್ಕಿಂತ ಜೋರಾಗಿ ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಬಟ್ಟೆಯಲ್ಲಿ ಸೋಸಿದ ರಾಗಿ ಗಂಜಿ ತಂದು, ಸಣ್ಣ ಚಮಚದಲ್ಲಿ ತುಟಿಯ ಸಂದಿಗೆ ಬಿಡುತ್ತ, "ಹುಟ್ಟಿದಾಗಲೂ ಹಿಂಗೇ ಚಮಚದಲ್ಲಿ ಕುಡಿಸಿದೀನಿ. ಮೊಲೆ ಹಿಡೀತಿರಲಿಲ್ಲ ನೀನು" ಅಂದರು. ಆಮೇಲೆ ಆಪರೇಷನ್ನಿನ ಬಗ್ಗೆ ಒಂದು ಆಕ್ಷೇಪದ ಮಾತೂ ಅವರ ಬಾಯಿಂದ ಬರಲಿಲ್ಲ.

ತನುಜಾ ಮಾತಾಡುವ ಹಾಗಿರಲಿಲ್ಲ. ಮೌನ ಅಂದರೆ ಏನೆಂದು ಅವಳಿಗೆ ಮೊದಲ ಸಲ ಗೊತ್ತಾಯಿತು. ಬೆಳಗ್ಗೆ ಬೇರೆ ಹುಡುಗಿಯರು ರೇಡಿಯೋದಲ್ಲಿ ಮಾತಾಡುವುದನ್ನು ಕೇಳುತ್ತ, ಒಳಗೇ ಅವರ ಜೊತೆ ಹೇಳಿಕೊಳ್ಳುತ್ತಿದ್ದಳು. ಮಗಳಿಗೆ ಬೇಸರವಾದೀತೆಂದು ಬಸವರಾಜೇಶ್ವರಿ ಕನ್ನಡಕ ಹಾಕಿಕೊಂಡು ಪೇಪರ್ ಓದಿ ಹೇಳಲು ಶುರುಮಾಡಿದರು. ಏಳನೇ ಕ್ಲಾಸು ಓದಿದ ಹೆಂಗಸು. 'ವಿಧಾನಪರಿಷತ್ತು' ಅನ್ನುವುದನ್ನು ಮೂರು ಕಡೆ ಮುರಿದು, 'ಅತಿವೃಷ್ಟಿ' ಅನ್ನುವುದನ್ನು ಅತಿರುಷ್ಟಿ ಮಾಡಿ ಓದುತ್ತಿದ್ದರು. ಊರಿಗೆಲ್ಲ ಉಚ್ಚಾರ ಹೇಳಿಕೊಡುವ ತನುಜಾ ಬಾಯಿಗೆ ರಬ್ಬರ್ ಬಿಗಿಸಿಕೊಂಡು ಮೂಗಿನಲ್ಲಿ "ಹ್ಞೂಂ, ಹ್ಞೂಂ" ಎಂದು ತಿದ್ದಲು ನೋಡುತ್ತಿದ್ದಳು. "ಏನೇ, ಸರಿಯಾಗೇ ಓದ್ತಿದೀನಿ, ಸುಮ್ಮನೆ ಕೇಳು" ಎಂದು ತಾಯಿ ಗದರುತ್ತಿದ್ದರು. ಅಂಗಡಿಗೆ ಹೊರಟ ಶಿವರಾಜ್ ಬಾಗಿಲಲ್ಲಿ ನಿಂತು ಇದನ್ನು ನೋಡಿ, ನಗು ತಡೆಯಲಾರದೆ ಚಪ್ಪಲಿ ಅದಲುಬದಲಾಗಿ ಹಾಕಿಕೊಂಡು ಹೋದ.

ಊತ ಇಳಿಯಿತು. ರಬ್ಬರ್ ತೆಗೆದರು. ಕನ್ನಡಿಯಲ್ಲಿ ತುಟಿಗಳು ಯಾರೂ ಹೇಳದೆ ಮುಚ್ಚಿಕೊಂಡು ಕೂತಿದ್ದವು. ಗದ್ದದ ಮೇಲಿನ ಗುಳಿಗಳು ಮಾಯವಾಗಿದ್ದವು. ಚೆಂದವಿತ್ತು. ತನುಜಾ ಒಪ್ಪಿಕೊಂಡಳು, ಚೆಂದವಿತ್ತು. ಆದರೆ ಯಾವುದೋ ಪರಿಚಿತ ಮನೆಗೆ ಹೋಗಿ ಬಾಗಿಲು ತಟ್ಟಿದರೆ ಬೇರೆಯವರು ತೆಗೆದ ಹಾಗೂ ಅನ್ನಿಸಿತು. ಹೈಸ್ಕೂಲಿನ ಆ ಹುಡುಗಿಯ ಮೇಲೆ ಅವಳಿಗೆ ವಿಚಿತ್ರವಾದ ಮಮತೆ ಹುಟ್ಟಿತು. ಆ ಮುಖ ಇಲ್ಲದಿದ್ದರೆ ಅವಳನ್ನು ಯಾರೂ ಪರದೆಯ ಹಿಂದೆ ಕಳಿಸುತ್ತಿರಲಿಲ್ಲ. ಕಳಿಸದಿದ್ದರೆ ಮೈಕ್ ಅವಳನ್ನು ಹಿಡಿದುಕೊಳ್ಳುತ್ತಿತ್ತೋ ಇಲ್ಲವೋ. ಇಷ್ಟು ವರ್ಷ ಬೈದುಕೊಂಡು ಬಂದ ಮುಖ ತನಗೆ ಅನ್ನ ಹಾಕಿತ್ತು ಎಂದು, ಅದು ಹೋದ ಮೇಲೆ ಗೊತ್ತಾಯಿತು.

ಮತ್ತೆ ಡ್ಯೂಟಿಗೆ ಹೋದ ದಿನ ಆನಂದ್ ಗಾಜಿನಾಚೆಯಿಂದ ಕೈ ಬೀಸಿದ. ಮೊದಲು ಧ್ವನಿ ಪರೀಕ್ಷೆ. ಅವಳು ಎರಡು ಸಾಲು ಓದಿದಳು. ಆನಂದ್ ಹೆಡ್‌ಫೋನ್ ಸರಿಮಾಡಿಕೊಂಡು, "ಮೇಡಂ, ಪ ಫ ಬ ಎಲ್ಲ ಮೈಕಿಗೆ ಢಬ್ ಅಂತ ಹೊಡೀತಿವೆ" ಅಂದ.

ಕಾರಣ ಅವಳಿಗೇ ತಿಳಿಯಿತು. ತುಟಿ ಸೇರಿಸಲು ಇಡೀ ಜೀವನ ಎಷ್ಟು ಬಲ ಹಾಕಿದ್ದಳೋ ಅಷ್ಟನ್ನೂ ಈಗಲೂ ಹಾಕುತ್ತಿದ್ದಳು. ತುಟಿಗಳೋ ಈಗ ಅರ್ಧ ದಾರಿಯಲ್ಲೇ ಸಿಗುತ್ತಿದ್ದವು. "ಬಾಬಾಬುಡನ್‌ಗಿರಿ, ಪಪ್ಪಾಯಿ, ಪಂಪಾಪತಿ" ಎಂದು ಬಾಯಿಗೆ ಬಂದದ್ದನ್ನೆಲ್ಲ ಮೆಲ್ಲಗೆ, ಇನ್ನೂ ಮೆಲ್ಲಗೆ ಹೇಳಿ ಅಭ್ಯಾಸ ಮಾಡಿದಳು. ಬಸ್ಸಿನ ಕಿಟಕಿಯ ಪಕ್ಕ ಕೂತು ಹೇಳಿಕೊಳ್ಳುವಾಗ ಪಕ್ಕದ ಹೆಂಗಸು ಜರುಗಿ ಕೂತದ್ದೂ ಉಂಟು. ಒಂದಷ್ಟು ದಿನ ಆನಂದ್ ಅವಳ ಕಾರ್ಯಕ್ರಮವನ್ನು ಮುಂಚೆಯೇ ಧ್ವನಿಮುದ್ರಣ ಮಾಡಿಕೊಂಡು, ಕೇಳಿಸಿ, ಮತ್ತೆ ಮಾಡಿಸಿದ. ಕೊನೆಗೊಂದು ಬೆಳಗ್ಗೆ ನೇರ ಪ್ರಸಾರಕ್ಕೆ ಕೂರಿಸಿದ. ಮುಗಿದ ಮೇಲೆ ಸಾಗರದ ಕಡೆಯಿಂದ ಒಬ್ಬರು ಫೋನ್ ಮಾಡಿ, "ತನುಜಾ ಮೇಡಂಗೆ ಮೈ ಹುಷಾರಿರಲಿಲ್ವಾ? ಸ್ವಲ್ಪ ನೆಗಡಿ ಇದ್ದ ಹಾಗಿದೆ, ಶುಂಠಿ ಕಷಾಯ ಕುಡಿಯೋಕೆ ಹೇಳಿ" ಅಂದರಂತೆ. ಆನಂದ್ ಅದನ್ನು ಹೇಳಿದಾಗ ತನುಜಾಳಿಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ನೆಗಡಿ ಎಂದರೆ ಧ್ವನಿ ಉಳಿದಿದೆ ಎಂದೇ ಅರ್ಥ.

ಕ್ಲಿಪ್ ಬಿಚ್ಚಿದ ದಿನ ಸಮತಾ ಕೊನೆಯ ಫೋಟೋ ತೆಗೆದು, ಹಳೆಯದರ ಪಕ್ಕ ಹೊಸದನ್ನಿಟ್ಟು ತೋರಿಸಿದರು. "ಹೊಸ ಫೋಟೋ ನಿಮ್ಮ ಫೋನಿಗೆ ಕಳಿಸ್ತೀನಿ ಮೇಡಂ" ಅಂದರು.

"ಆ ಹಳೇ ವಿಡಿಯೋ ಇದೆಯಲ್ಲ, ಗೋಡೆ ನೋಡ್ಕೊಂಡು ನಕ್ಕಿದ್ದು, ಅದನ್ನೂ ಕಳಿಸಿ ಡಾಕ್ಟ್ರೇ."

"ಹಳೇದು ಯಾರೂ ಕೇಳಲ್ಲ" ಎಂದು ಸಮತಾ ಆಶ್ಚರ್ಯಪಟ್ಟು ಕಳಿಸಿದರು.

ಮುಂದಿನ ಭಾನುವಾರ ತನುಜಾ ಜನ್ನಾಪುರಕ್ಕೆ ಹೋದಳು. ಅಣ್ಣನ ಮನೆಯವರು ಯಾವುದೋ ಗೃಹಪ್ರವೇಶಕ್ಕೆ ಹೋಗಿದ್ದರು. ತಾಯಿಯೊಬ್ಬರೇ ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಅವಳು ಪಕ್ಕದಲ್ಲಿ ಕೂತು ಫೋನ್ ಹಿಡಿದು ವಿಡಿಯೋ ಹಾಕಿದಳು. ಬಸವರಾಜೇಶ್ವರಿ ಕಾಯಿ ಬಿಡಿಸುವುದನ್ನು ನಿಲ್ಲಿಸಿದರು. ಮುಗಿದ ಮೇಲೆ, "ಇನ್ನೊಂದ್ಸಲ ಹಾಕು" ಅಂದರು. ಇನ್ನೊಮ್ಮೆ ನೋಡಿದರು. ಸೆರಗಿನಿಂದ ಕನ್ನಡಕ ಒರೆಸಿಕೊಂಡರು.

"ಅವರೇ ಕೂತಂಗಿದೆ ಕಣೆ."

"ನನಗೂ ಹಾಗೇ ಅನ್ನಿಸ್ತು ಅಮ್ಮ. ಅಪ್ಪನಿಗೆ ಒಂದು ದಿನವೂ ನಾಚಿಕೆ ಆಗಲಿಲ್ಲ ನೋಡು. ನಾನೇ ಹೀಗೆ."

ತಾಯಿ ಅವಳ ಕಡೆ ತಿರುಗಿದರು. "ಯಾರು ಹೇಳಿದ್ರು ಅವರಿಗೆ ನಾಚಿಕೆ ಇರಲಿಲ್ಲ ಅಂತ? ನನ್ನ ನೋಡೋಕೆ ಬಂದಾಗ ಬಾಯಿಗೆ ಟವೆಲ್ ಅಡ್ಡ ಹಿಡ್ಕೊಂಡೇ ಕೂತಿದ್ರು. ಬಾಯಿ ಹುಣ್ಣೋ ಏನೋ ಅಂತ ನಮ್ಮವ್ವ ಒಳಗೆ ಬಂದು ಕೇಳಿದ್ರು. ಮದುವೆ ಫೋಟೋದಲ್ಲಿ ನೋಡು, ತುಟಿ ಹೊಲಿದಂಗಿದೆ. ಎಷ್ಟೋ ವರ್ಷ ಹಂಗೇ ಇದ್ರು."

"ಮತ್ತೆ?"

"ನೀನು ಹುಟ್ಟಿದೆ. ಮೊದಲನೇ ಸಲ ನಕ್ಕೆ. ತೊಟ್ಟಿಲ ಪಕ್ಕ ಕೂತು ನೋಡಿದ್ರು. ನನ್ನ ಬಾಯೇ ಬಂದಿದೆ ಪಾಪ ಅಂದ್ರು. ಆಮೇಲೆ ಏನಂದ್ರು ಗೊತ್ತಾ? ಮಕ್ಕಳು ನಮ್ಮನ್ನ ನೋಡಿ ಕಲೀತವೆ, ನಾನು ಮುಚ್ಕೊಂಡು ಓಡಾಡಿದ್ರೆ ಇದೂ ಮುಚ್ಕೊಳ್ಳೋದೇ ಕಲಿಯುತ್ತೆ ಅಂದ್ರು. ಅವತ್ತಿಂದ ಆ ಥರ ನಗೋಕೆ ಶುರುಮಾಡಿದ್ದು. ಮೊದಮೊದಲು ಬೇಕಂತಲೇ ನಗ್ತಿದ್ರು, ನನಗೆ ಗೊತ್ತಾಗ್ತಿತ್ತು. ಆಮೇಲೆ ಅದೇ ಅಭ್ಯಾಸ ಆಯ್ತು."

ತನುಜಾ ಬುಟ್ಟಿಯಿಂದ ಒಂದು ಹಿಡಿ ಕಾಯಿ ತೆಗೆದುಕೊಂಡು ತಾನೂ ಬಿಡಿಸತೊಡಗಿದಳು. ಕಾಳುಗಳು ತಟ್ಟೆಗೆ ಬೀಳುವ ಸದ್ದಿನ ನಡುವೆ ಬಸವರಾಜೇಶ್ವರಿ ಇನ್ನೂ ಹೇಳುತ್ತಲೇ ಇದ್ದರು. ಟವೆಲ್ಲಿನ ಬಣ್ಣ, ಹೆಣ್ಣು ನೋಡಲು ಬಂದ ದಿನ ಮಾಡಿದ ಶಾವಿಗೆ ಪಾಯಸ, ಅದನ್ನು ಅವರು ಟವೆಲ್ಲಿನ ಮರೆಯಲ್ಲೇ ಕುಡಿಯಲು ಹೋಗಿ ಅಂಗಿಯ ಮೇಲೆ ಚೆಲ್ಲಿಕೊಂಡದ್ದು. ತನುಜಾ ಜೋರಾಗಿ ನಕ್ಕಳು. ತಾಯಿ ಮಾತು ನಿಲ್ಲಿಸಿ ಅವಳ ಮುಖವನ್ನೇ ಒಂದು ಕ್ಷಣ ನೋಡಿ, "ಇದೆ ಬಿಡು, ಅವರ ನಗು ಸ್ವಲ್ಪ ಇದೆ" ಅಂದು, ಮತ್ತೆ ಪಾಯಸದ ಕಥೆಗೆ ಹೋದರು. ಅವಳು ಹಿಡಿಯಬೇಕಿದ್ದ ಶಿವಮೊಗ್ಗದ ಬಸ್ಸು ಹೊರಟುಹೋಯಿತು. ಅದರ ಹಿಂದಿನ ಬಸ್ಸೂ ಹೊರಟುಹೋಯಿತು.